ಬಿಸಿಯಾಗದ ಇಸ್ತ್ರಿ ಪೆಟ್ಟಿಗೆ: ದೋಷ ಹುಡುಕುವುದನ್ನೇ ಪಾಠವಾಗಿಸುವ ಒಂದು ಕ್ರಮ

ತರಗತಿ: 10. ವಿಷಯ: ವಿಜ್ಞಾನ. ಘಟಕ: ವಿದ್ಯುಚ್ಛಕ್ತಿ. ಉಪಘಟಕ: ವಿದ್ಯುತ್ ಪ್ರವಾಹದ ಉಷ್ಣೋತ್ಪನ್ನ ಪರಿಣಾಮ. ಅವಧಿ: 2.

ಈ ಉಪಘಟಕಕ್ಕೆ ಪ್ರಶಿಕ್ಷಣಾರ್ಥಿಗಳು ಬರೆದು ತರುವ ಪಾಠಯೋಜನೆಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಪೀಠಿಕೆಯಲ್ಲಿ 'ನಿಮ್ಮ ಮನೆಯಲ್ಲಿ ಬಿಸಿಯಾಗುವ ವಿದ್ಯುತ್ ಉಪಕರಣಗಳು ಯಾವುವು?' ಎಂಬ ಪ್ರಶ್ನೆ, ಮಕ್ಕಳಿಂದ ಐರನ್ ಬಾಕ್ಸ್, ಗೀಸರ್, ನೀರು ಕಾಯಿಸುವ ಕಾಯಿಲ್ ಎಂಬ ಉತ್ತರ, ಕಪ್ಪುಹಲಗೆಯ ಮೇಲೆ ಜೌಲನ ನಿಯಮ, ಎರಡು ಲೆಕ್ಕ, ಮನೆಗೆಲಸ. ಪಾಠ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಶಾಖವು ಪ್ರವಾಹದ ವರ್ಗ, ರೋಧ ಮತ್ತು ಕಾಲ ಇವುಗಳ ಗುಣಲಬ್ಧ ಎಂದು ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅದೇ ಮಕ್ಕಳನ್ನು 'ಮನೆಯ ಐರನ್ ಬಾಕ್ಸ್ ಒಂದು ಬೆಳಗ್ಗೆ ಬಿಸಿಯಾಗಲಿಲ್ಲ, ಏನಾಗಿರಬಹುದು?' ಎಂದು ಕೇಳಿದರೆ 'ಒಳಗೆ ಏನೋ ಸುಟ್ಟೋಗದೆ ಸಾ' ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಸೂತ್ರ ಒಂದು ಕಡೆ, ಪೆಟ್ಟಿಗೆ ಇನ್ನೊಂದು ಕಡೆ ಉಳಿದುಬಿಡುತ್ತವೆ.

ಈ ಪ್ರಶ್ನೆಯನ್ನು ಪಾಠದ ಕೊನೆಗೆ ತರುವ ಬದಲು ಪಾಠದ ನಡುವಿಗೇ ತಂದರೆ ಏನಾಗುತ್ತದೆ ಎಂಬುದನ್ನು ಕೃಷ್ಣರಾಜನಗರ, ಹುಣಸೂರು ಕಡೆಯ ಪ್ರೌಢಶಾಲೆಗಳಲ್ಲಿ ಬೋಧನಾಭ್ಯಾಸಕ್ಕೆ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆದಿದೆ. ನಮ್ಮ ಭಾಗದಲ್ಲಿ ಇಸ್ತ್ರಿ ಪೆಟ್ಟಿಗೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಆಷಾಢ, ಶ್ರಾವಣದ ಸೋನೆ ಹಿಡಿದರೆ ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆ ಹಗ್ಗದ ಮೇಲಿನ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಒಂದೇ ಜೊತೆ ಸಮವಸ್ತ್ರ ಇರುವ ಮಗು ಅರೆ ಒದ್ದೆ ಅಂಗಿಯ ಮೇಲೆ ಇಸ್ತ್ರಿ ಎಳೆದು, ಹಬೆ ಏಳಿಸಿ, ಹಾಗೆಯೇ ತೊಟ್ಟು ಬಸ್ಸಿಗೆ ಓಡುತ್ತದೆ. ಆ ಮನೆಯಲ್ಲಿ ಬಟ್ಟೆ ಒಣಗಿಸುವ ಯಂತ್ರವೆಂದರೆ ಇಸ್ತ್ರಿ ಪೆಟ್ಟಿಗೆಯೇ. ಒದ್ದೆ ಬಟ್ಟೆ, ಒದ್ದೆ ನೆಲ, ಬರಿಗಾಲು, ಸವೆದ ವೈರ್ ಎಲ್ಲ ಒಂದೆಡೆ ಸೇರುವ ಹೊತ್ತೂ ಅದೇ. ಆದ್ದರಿಂದ ಈ ಪಾಠ ಸರಿಯಾಗಿ ಆಗುವುದು ಅಂಕಕ್ಕಿಂತ ದೊಡ್ಡ ವಿಷಯ.

ಮೊದಲ ಪ್ರಶ್ನೆ: ಅದು ಬಿಸಿಯಾಗಬೇಕಾದ ವಸ್ತುವೇ?

ಪೀಠಿಕೆಗೆ ಒಂದು ಸೊಗಸಾದ ಗೊಂದಲ ಮಕ್ಕಳಿಂದಲೇ ಸಿಗುತ್ತದೆ. ಬಟ್ಟೆ ಒಣಗಿಸುವ ಮಾತು ಬಂದಾಗ ಯಾರಾದರೊಬ್ಬರು 'ನಮ್ಮನೆ ವಾಷಿಂಗ್ ಮಷಿನ್‌ನಲ್ಲಿ ಡ್ರೈಯರ್ ಅದೆ, ಅದು ಬಿಸಿನೇ ಆಗಲ್ಲ' ಎನ್ನುತ್ತಾರೆ. ಪ್ರಶಿಕ್ಷಣಾರ್ಥಿ ಇದನ್ನು ಪಕ್ಕಕ್ಕೆ ಸರಿಸಬಾರದು. ನಮ್ಮಲ್ಲಿ ಮಾರಾಟವಾಗುವ ಎರಡು ತೊಟ್ಟಿಯ ಯಂತ್ರದಲ್ಲಿ ಡ್ರೈಯರ್ ಎಂದು ಕರೆಸಿಕೊಳ್ಳುವುದು ವೇಗವಾಗಿ ತಿರುಗುವ ತೂತಿನ ಡಬ್ಬ. ಗೋಡೆ ಬಟ್ಟೆಯನ್ನು ತಡೆದು ವೃತ್ತದಲ್ಲೇ ಸುತ್ತಿಸುತ್ತದೆ. ತೂತಿನ ಎದುರಿಗಿರುವ ನೀರನ್ನು ತಡೆಯುವವರಿಲ್ಲ, ಅದು ನೇರ ದಾರಿ ಹಿಡಿದು ಹೊರಬೀಳುತ್ತದೆ. ಅದರೊಳಗೆ ಕಾಯಿಲ್ ಇಲ್ಲ, ಶಾಖವೂ ಇಲ್ಲ. ಬಿಸಿಯಾಗದಿರುವುದು ಅದರ ದೋಷವಲ್ಲ. 'ಈ ಸಾಧನ ಏನು ಮಾಡಬೇಕು?' ಎಂದು ಕೇಳದೆ 'ಇದಕ್ಕೇನಾಗಿದೆ?' ಎಂದು ಕೇಳುವಂತಿಲ್ಲ ಎಂಬುದು ಎರಡು ನಿಮಿಷದಲ್ಲಿ ಸ್ಥಾಪನೆಯಾಗುತ್ತದೆ.

ಇಸ್ತ್ರಿ ಪೆಟ್ಟಿಗೆಗೂ ಇದೇ ಪ್ರಶ್ನೆ ಅನ್ವಯ. ಗುಂಡಿ ಆಫ್ ಕಡೆ ತಿರುಗಿದ್ದರೆ ಒಳಗಿನ ಥರ್ಮೋಸ್ಟಾಟ್‌ನ ಸಂಪರ್ಕ ಬಿಟ್ಟಿರುತ್ತದೆ, ಪೆಟ್ಟಿಗೆ ತಣ್ಣಗಿರುತ್ತದೆ. ರಿಪೇರಿ ಅಂಗಡಿಗೆ ಬರುವ ಪೆಟ್ಟಿಗೆಗಳಲ್ಲಿ ಇಂಥವೂ ಇರುತ್ತವೆ.

ಇದ್ದಿಲು ಪೆಟ್ಟಿಗೆಯಿಂದ ಆರಂಭ

ಮಂಡಲದ ಚಿತ್ರಕ್ಕೆ ಹೋಗುವ ಮೊದಲು ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನು ನೆನಪಿಸುವುದು ಲಾಭಕರ. ಊರಿನ ಇಸ್ತ್ರಿ ಅಂಗಡಿಯಲ್ಲಿ ಮಕ್ಕಳು ಅದನ್ನು ನೋಡಿರುತ್ತಾರೆ. ಅದು ಕಾಯದಿದ್ದರೆ ಇಸ್ತ್ರಿಯವರು ಏನು ಮಾಡುತ್ತಾರೆ? ಮುಚ್ಚಳ ತೆಗೆದು ಕೆಂಡ ಇದೆಯೇ ನೋಡುತ್ತಾರೆ. ಕೆಂಡವಿದ್ದೂ ಕಾಯದಿದ್ದರೆ ಬೂದಿ ಕೊಡವಿ, ಪಕ್ಕದ ಕಿಂಡಿಗಳಿಂದ ಗಾಳಿ ಆಡುವಂತೆ ಮಾಡುತ್ತಾರೆ, ಬೀಸುತ್ತಾರೆ. ಇದ್ದಿಲು ಇದೆಯೇ, ಗಾಳಿ ಆಡುತ್ತಿದೆಯೇ ಎಂದು ಒಂದೊಂದಾಗಿ ನೋಡಿ ಬಿಡುವ ಈ ಕ್ರಮವೇ ನಮಗೆ ಬೇಕಾದದ್ದು. ವಿದ್ಯುತ್ತಿನ ಪೆಟ್ಟಿಗೆಯಲ್ಲಿ ದಾರಿ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಕಪ್ಪುಹಲಗೆಯ ಮೇಲೆ ದಾರಿಯನ್ನು ಬರೆಯಿರಿ: ಗೋಡೆಯ ಸಾಕೆಟ್, ಪ್ಲಗ್ಗಿನ ಸಜೀವ ಪಿನ್, ವೈರ್, ಥರ್ಮೋಸ್ಟಾಟ್, ಉಷ್ಣ ಫ್ಯೂಸ್ (ಹಲವು ಪೆಟ್ಟಿಗೆಗಳಲ್ಲಿ ಇರುತ್ತದೆ), ನೈಕ್ರೋಮ್ ಕಾಯಿಲ್, ಮರಳಿ ವೈರ್, ತಟಸ್ಥ ಪಿನ್, ಸಾಕೆಟ್. ಎಲ್ಲವೂ ಸರಣಿಯಲ್ಲಿವೆ. ಸರಣಿಯಲ್ಲಿ ಎಲ್ಲಿ ಕಡಿದರೂ ಎಲ್ಲ ಕಡೆಯೂ ಪ್ರವಾಹ ಸೊನ್ನೆ ಎಂಬುದು ಮಕ್ಕಳಿಗೆ ಗೊತ್ತು. ಗೊತ್ತಿರುವ ಈ ಮಾತನ್ನು ಪ್ರಶ್ನೆಯಾಗಿ ತಿರುಗಿಸುವುದಷ್ಟೇ ಕೆಲಸ: ಪ್ರವಾಹ ಎಲ್ಲ ಕಡೆಯೂ ಇಲ್ಲವಾದರೆ, ಕಡಿದದ್ದು ಎಲ್ಲಿ ಎಂದು ತಿಳಿಯುವುದು ಹೇಗೆ?

ಸೂಚಕ ದೀಪದ ಸಾಕ್ಷ್ಯ

ಈಗಿನ ಬಹಳಷ್ಟು ಪೆಟ್ಟಿಗೆಗಳಲ್ಲಿ ಸಣ್ಣ ದೀಪ ಥರ್ಮೋಸ್ಟಾಟ್ ಆದಮೇಲೆ, ಕಾಯಿಲ್‌ಗೆ ಸಮಾಂತರವಾಗಿರುತ್ತದೆ. ಬಿಸಿಯಾಗುವಾಗ ಉರಿಯುತ್ತದೆ, ಬೇಕಾದಷ್ಟು ಕಾದಮೇಲೆ ಆರುತ್ತದೆ. ಒಂದು ಸರ್ಕಾರಿ ಪ್ರೌಢಶಾಲೆಯ ಪಾಠದಲ್ಲಿ ಇದರ ಮೇಲೆ ನಡೆದ ಮಾತುಕತೆ ಹೀಗಿತ್ತು:

'ಲೈಟ್ ಉರೀತಿದೆ, ತಳ ತಣ್ಣಗಿದೆ. ಕರೆಂಟ್ ಎಲ್ಲೀವರೆಗೆ ಬಂದಿದೆ ಹೇಳಮ್ಮ?'
'ಲೈಟ್‌ಗಂಟ ಬಂದದೆ ಮಿಸ್.'
'ಹಾಗಾದ್ರೆ ವೈರ್ ಕಟ್ ಆಗಿರಬಹುದಾ?'
'ಇಲ್ಲ ಮಿಸ್. ವೈರ್ ಕಟ್ಟಾಗಿದ್ರೆ ಲೈಟೂ ಉರೀತಿರ್ಲಿಲ್ಲ. ಕಾಯಿಲ್ಲೇ ಹೋಗಿರಬೇಕು.'
ಹಿಂದಿನ ಬೆಂಚಿನಿಂದ ಒಬ್ಬ: 'ನಮ್ಮನೇಲಿ ಲೈಟ್ ಉರಿಯದೇ ಇದ್ರೂ ಬಿಸಿ ಆಯ್ತದೆ ಮಿಸ್.'

ಈ ಕೊನೆಯ ಮಾತು ಪಾಠಯೋಜನೆಯಲ್ಲಿ ಇರಲಿಲ್ಲ. ಪ್ರಶಿಕ್ಷಣಾರ್ಥಿ ಅದನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಎರಡನೆಯ ಅವಧಿಯಲ್ಲಿ 'ಹೀಗಾಗಬೇಕಾದರೆ ದೀಪ ಎಲ್ಲಿ ಜೋಡಣೆಯಾಗಿರಬೇಕು?' ಎಂದು ಗುಂಪುಗಳಿಗೆ ಕೊಟ್ಟರು. ಮಕ್ಕಳಿಂದ ಎರಡು ಉತ್ತರ ಬಂದವು. ದೀಪ ಸಮಾಂತರದಲ್ಲೇ ಇದ್ದು ದೀಪ ಮಾತ್ರ ಕೆಟ್ಟಿರಬಹುದು. ಅಥವಾ ಹಳೆಯ ಕೆಲವು ಪೆಟ್ಟಿಗೆಗಳಲ್ಲಿರುವಂತೆ ನೈಕ್ರೋಮ್‌ನ ಒಂದು ಸಣ್ಣ ತುಂಡಿಗೆ ಮಾತ್ರ ಸಮಾಂತರವಾಗಿ ಪುಟ್ಟ ಬಲ್ಬ್ ಇದ್ದು ಅದು ಸುಟ್ಟಿರಬಹುದು. ಎರಡರಲ್ಲೂ ದೀಪ ಆರಿರುವುದು ಕಾಯಿಲ್ ಕೆಟ್ಟಿದೆ ಎಂಬುದಕ್ಕೆ ಸಾಕ್ಷಿಯಾಗದು. ಆ ತರಗತಿಯ ಅತ್ಯುತ್ತಮ ಹತ್ತು ನಿಮಿಷ ಇದೇ ಎಂದು ನನ್ನ ಅಭಿಪ್ರಾಯ. ಅವಲೋಕನ ಪತ್ರದಲ್ಲಿ ಇದಕ್ಕೆ ಪ್ರತ್ಯೇಕ ಕಲಂ ಇಲ್ಲದಿರುವುದು ವಿಷಾದ.

ಟೆಸ್ಟರ್ ಬಗ್ಗೆಯೂ ಇಂಥದೇ ಒಂದು ಮಾತು. 'ಟೆಸ್ಟರ್ ಉರಿದರೆ ಕರೆಂಟ್ ಇದೆ' ಎಂಬುದು ಎಲ್ಲ ಮನೆಯ ನಂಬಿಕೆ. ಗೋಡೆಯೊಳಗೆ ತಟಸ್ಥ ತಂತಿ ಕಡಿದಿದೆ, ಪೆಟ್ಟಿಗೆ ಸಾಕೆಟ್ಟಿನಲ್ಲಿದೆ ಎಂದುಕೊಳ್ಳಿ. ಆಗ ಸಜೀವ ತಂತಿಯ ವಿಭವ ಕಾಯಿಲ್ ದಾಟಿ ತಟಸ್ಥದ ಕಡೆಗೂ ಬಂದು ಕೂರುತ್ತದೆ; ಟೆಸ್ಟರ್ ಎರಡು ಕಡೆಯೂ ಉರಿಯುತ್ತದೆ, ಪೆಟ್ಟಿಗೆ ಮಾತ್ರ ತಣ್ಣಗಿರುತ್ತದೆ. ಟೆಸ್ಟರ್ ತೋರಿಸುವುದು ಆ ಬಿಂದುವಿನ ವಿಭವವನ್ನು. ಮಂಡಲ ಪೂರ್ಣವಾಗಿದೆ ಎಂದು ಅದು ಹೇಳಲಾರದು. ಪ್ರವಾಹಕ್ಕೂ ವಿಭವಾಂತರಕ್ಕೂ ಇರುವ ಭೇದವನ್ನು ವ್ಯಾಖ್ಯೆಗಳಿಂದ ವಿವರಿಸಿ ಸೋತವರು ಈ ಚಿತ್ರವನ್ನು ಹಲಗೆಯ ಮೇಲೆ ಬರೆದು ನೋಡಬಹುದು. ಹಲಗೆಯ ಮೇಲೆ ಮಾತ್ರ. ಸಾಕೆಟ್ಟಿನಲ್ಲಿ ಮಾಡಿ ತೋರಿಸಬಾರದು.

ಮೀಟರ್ ಹಿಡಿಯುವ ಮುನ್ನ ಲೆಕ್ಕ

ತರಗತಿಗೆ ತರುವ ಪೆಟ್ಟಿಗೆ ಯಾವ ಹಂತದಲ್ಲೂ ಸಾಕೆಟ್ಟಿಗೆ ಹೋಗುವುದಿಲ್ಲ. ಈ ನಿಯಮವನ್ನು ಪಾಠಯೋಜನೆಯ ಮೊದಲ ಸಾಲಿನಲ್ಲೇ ಬರೆಯಬೇಕು. ಪ್ಲಗ್ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇರಲಿ. ಬೇಕಾದದ್ದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್.

ಅಳೆಯುವ ಮೊದಲು ಮಕ್ಕಳು ಊಹಿಸಬೇಕು. ಪೆಟ್ಟಿಗೆಯ ಮೇಲಿನ ಪಟ್ಟಿಯಲ್ಲಿ 230 ವೋಲ್ಟ್, 1000 ವ್ಯಾಟ್ ಎಂದಿದೆ. ರೋಧ = ವಿಭವಾಂತರದ ವರ್ಗ ÷ ಸಾಮರ್ಥ್ಯ; 52,900 ÷ 1000 = 52.9 ಓಮ್. 750 ವ್ಯಾಟ್‌ನದಾದರೆ ಸುಮಾರು 70.5 ಓಮ್. ಈ ಸಂಖ್ಯೆಯನ್ನು ನೋಟ್‌ಪುಸ್ತಕದಲ್ಲಿ ಬರೆದ ಮೇಲೆಯೇ ಪ್ಲಗ್ಗಿನ ಎರಡು ಪಿನ್‌ಗಳಿಗೆ ಮೀಟರಿನ ತುದಿಗಳನ್ನು ಮುಟ್ಟಿಸಬೇಕು. 51, 52 ಎಂದೇನೋ ಬಂದಾಗ ಮಕ್ಕಳ ಮುಖ ನೋಡಬೇಕು. ಸೂತ್ರದಿಂದ ಬಂದ ಸಂಖ್ಯೆ ಮುಚ್ಚಿದ ಪೆಟ್ಟಿಗೆಯೊಳಗಿಂದಲೂ ಬರುತ್ತದೆ ಎಂದು ಅವರು ಅಂದುಕೊಂಡಿರುವುದಿಲ್ಲ. ತುಸು ಕಡಿಮೆ ಬರಲು ಕಾಯಿಲ್ ತಣ್ಣಗಿರುವುದೂ ಒಂದು ಕಾರಣ. ನೈಕ್ರೋಮ್‌ನ ರೋಧ ಕಾದಾಗ ಸ್ವಲ್ಪವೇ ಏರುತ್ತದೆ.

ಈ ಒಂದು ಅಳತೆ ಇಡೀ ಸಮಸ್ಯೆಯನ್ನು ಎರಡು ಹೋಳು ಮಾಡುತ್ತದೆ. ಗುಂಡಿ ಆನ್ ಕಡೆ ಇದ್ದು 53ರ ಸುತ್ತಮುತ್ತ ಬಂದರೆ ಪ್ಲಗ್ಗಿನಿಂದ ಪ್ಲಗ್ಗಿಗೆ ದಾರಿ ಸರಿಯಿದೆ. ಹುಡುಕಬೇಕಾದದ್ದು ಗೋಡೆಯ ಕಡೆ. ಮೀಟರ್ ಓಎಲ್ ಎಂದೋ ಎಡತುದಿಯಲ್ಲಿ ಬರೀ 1 ಎಂದೋ ತೋರಿಸಿದರೆ ದಾರಿ ಒಳಗೇ ಕಡಿದಿದೆ. ಮೀಟರನ್ನು ಹಾಗೆಯೇ ಹಿಡಿದು ವೈರನ್ನು ಹಿಡಿಕೆಯ ಬುಡದಲ್ಲಿ, ಆಮೇಲೆ ಪ್ಲಗ್ಗಿನ ಬುಡದಲ್ಲಿ ಬಾಗಿಸಿ ನೋಡಬೇಕು. ಸಂಖ್ಯೆ ಬಂದು ಹೋಗುತ್ತಿದ್ದರೆ ವೈರ್ ಅಲ್ಲಿ ತುಂಡಾಗಿದೆ. ದಿನವೂ ಬಾಗುವುದು ಆ ಎರಡು ಕಡೆಯೇ ಆದ್ದರಿಂದ ದೋಷ ಸಾಮಾನ್ಯವಾಗಿ ಅಲ್ಲಿರುತ್ತದೆ. ಅಲ್ಲೂ ಇಲ್ಲದಿದ್ದರೆ ಮುಚ್ಚಳ ಬಿಚ್ಚಬೇಕು. ಅದು ಶಿಕ್ಷಕರ ಕೆಲಸ.

ಇಲ್ಲಿ ಒಂದು ಮೋಸವಿದೆ, ಪ್ರಶಿಕ್ಷಣಾರ್ಥಿಗಳು ಮನೆಯಲ್ಲೇ ಅಭ್ಯಾಸ ಮಾಡಿ ಬರಬೇಕು. ಮೀಟರಿನಲ್ಲಿ 'ಬೀಪ್' ಎನ್ನುವ ಸ್ಥಾನ ಇರುತ್ತದಲ್ಲ, ಅದು ಕೆಲವು ಹತ್ತು ಓಮ್‌ಗಳ ಒಳಗಿನ ರೋಧಕ್ಕೆ ಮಾತ್ರ ಸದ್ದು ಮಾಡುತ್ತದೆ. ಎಷ್ಟರೊಳಗೆ ಎಂಬುದು ಮೀಟರಿನಿಂದ ಮೀಟರಿಗೆ ಬೇರೆ. 53 ಅಥವಾ 70 ಓಮ್‌ನ ಒಳ್ಳೆಯ ಕಾಯಿಲ್‌ಗೆ ಸದ್ದೇ ಬರದಿರಬಹುದು. 'ಬೀಪ್ ಬರಲಿಲ್ಲ, ಕಾಯಿಲ್ ಸುಟ್ಟಿದೆ' ಎಂದು ಚೆನ್ನಾಗಿರುವ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದು ಹೀಗೆ. 200 ಓಮ್‌ನ ಸ್ಥಾನದಲ್ಲಿಟ್ಟು ಸಂಖ್ಯೆಯನ್ನೇ ಓದಿ.

ಮುಚ್ಚುವ ಮೊದಲು ಇನ್ನೆರಡು ಅಳತೆ. ಸಜೀವ ಪಿನ್ನಿಗೂ ಲೋಹದ ತಳಕ್ಕೂ ನಡುವೆ ದಾರಿ ಇರಕೂಡದು. ಭೂಸಂಪರ್ಕದ ದಪ್ಪ ಪಿನ್ನಿಗೂ ತಳಕ್ಕೂ ನಡುವೆ ರೋಧ ಸೊನ್ನೆಯ ಹತ್ತಿರ ಇರಬೇಕು. ಬಿಸಿಯಾಗುವುದಕ್ಕೂ ಈ ಎರಡಕ್ಕೂ ಸಂಬಂಧವಿಲ್ಲ. ಚೆನ್ನಾಗಿ ಬಿಸಿಯಾಗುವ ಪೆಟ್ಟಿಗೆಯೂ ಇದರಲ್ಲಿ ಸೋಲಬಹುದು. ಒದ್ದೆ ಅಂಗಿಯ ಮೇಲೆ ಇಸ್ತ್ರಿ ಎಳೆಯುವ ಮಗುವಿನ ಜೀವ ನಿಂತಿರುವುದು ಈ ಎರಡರ ಮೇಲೆ. ಮೂರನೆಯ ಪಿನ್ ಮುರಿದಿದ್ದರೂ, ಎರಡು ಪಿನ್‌ನ ಪ್ಲಗ್ ಹಾಕಿಸಿಕೊಂಡಿದ್ದರೂ ಪೆಟ್ಟಿಗೆ ಕಾಯುತ್ತದೆ. ಅದಕ್ಕೇ ಯಾರೂ ಗಮನಿಸುವುದಿಲ್ಲ.

ಪಠ್ಯದ 840 ವ್ಯಾಟ್, 360 ವ್ಯಾಟ್ ಲೆಕ್ಕ

ಪಠ್ಯಪುಸ್ತಕದಲ್ಲಿ ಒಂದು ಬಿಡಿಸಿದ ಲೆಕ್ಕವಿದೆ: 220 ವೋಲ್ಟ್‌ನ ಇಸ್ತ್ರಿ ಪೆಟ್ಟಿಗೆ ಗರಿಷ್ಠ ಬಿಸಿಯಲ್ಲಿ 840 ವ್ಯಾಟ್, ಕನಿಷ್ಠದಲ್ಲಿ 360 ವ್ಯಾಟ್ ಬಳಸುತ್ತದೆ. ಉತ್ತರ ಕ್ರಮವಾಗಿ 3.82 ಆಂಪಿಯರ್, 57.60 ಓಮ್ ಮತ್ತು 1.64 ಆಂಪಿಯರ್, 134.15 ಓಮ್. ಲೆಕ್ಕವಾಗಿ ಸರಿ. ಆದರೆ ಇದನ್ನು ಮಾಡಿದ ಮಗು 'ಗುಂಡಿ ಕಡಿಮೆ ಮಾಡಿದರೆ ಕಾಯಿಲ್‌ನ ರೋಧ ಹೆಚ್ಚುತ್ತದೆ' ಎಂಬ ಚಿತ್ರ ಇಟ್ಟುಕೊಳ್ಳುತ್ತದೆ. ಫ್ಯಾನಿನ ರೆಗ್ಯುಲೇಟರ್ ನೆನಪು ಇದಕ್ಕೆ ಒತ್ತಾಸೆ.

ಮೀಟರ್ ಕೈಯಲ್ಲಿರುವಾಗಲೇ ಪರೀಕ್ಷಿಸಿಬಿಡಿ. ಗುಂಡಿಯನ್ನು ರೇಷ್ಮೆಗೆ, ಆಮೇಲೆ ಹತ್ತಿಗೆ ತಿರುಗಿಸಿ. ತಣ್ಣಗಿರುವ ಪೆಟ್ಟಿಗೆಯಲ್ಲಿ ಸಂಖ್ಯೆ ಕದಲುವುದಿಲ್ಲ. ಹಾಗಾದರೆ ಗುಂಡಿ ಮಾಡುವುದೇನು? ಎರಡು ಲೋಹದ ಪಟ್ಟಿ ಎಷ್ಟು ಬಿಸಿಗೆ ಬಾಗಿ ಸಂಪರ್ಕ ಬಿಡಬೇಕು ಎಂಬುದನ್ನು ಅದು ನಿಗದಿ ಮಾಡುತ್ತದೆ. 57.60 ಓಮ್‌ನ ಒಂದೇ ಕಾಯಿಲ್ ಸರಾಸರಿ 360 ವ್ಯಾಟ್ ಕೊಡಬೇಕಾದರೆ ಒಟ್ಟು ಕಾಲದ 360/840 ಪಾಲು, ಅಂದರೆ 7 ನಿಮಿಷದಲ್ಲಿ 3 ನಿಮಿಷ ಮಾತ್ರ ಪ್ರವಾಹ ಹರಿಯಬೇಕು. ಹರಿಯುವಾಗ 3.82 ಆಂಪಿಯರ್, ಇಲ್ಲದಿದ್ದರೆ ಸೊನ್ನೆ. ದೀಪ ಆರಿ ಉರಿಯುವುದನ್ನು ಮನೆಯಲ್ಲಿ ಗಡಿಯಾರ ಹಿಡಿದು ನೋಡಿ ಬರಲು ಹೇಳಬಹುದು. ಪರೀಕ್ಷೆಯಲ್ಲಿ ಪಠ್ಯದ ಉತ್ತರವನ್ನೇ ಬರೆಯಬೇಕೆಂದೂ ಹೇಳಿಬಿಡಿ. ಮಕ್ಕಳಿಗೆ ಆ ಭಯ ಇರುತ್ತದೆ.

ಸಂಜೆ ವೋಲ್ಟೇಜ್ ಇಳಿದಾಗ 'ಬಿಸಿ ಸಾಲದು' ಎಂಬ ದೂರು ಬೇರೆಯ ವರ್ಗದ್ದು. 230ರ ಬದಲು 180 ವೋಲ್ಟ್ ಇದ್ದರೆ 1000 ವ್ಯಾಟ್‌ನ ಪೆಟ್ಟಿಗೆ ಕೊಡುವುದು ಸುಮಾರು 612 ವ್ಯಾಟ್. ಪೆಟ್ಟಿಗೆ ಸರಿಯಿದೆ.

ಎಂಟು ತುಂಡಿನ ಹಲಗೆ

ಮಕ್ಕಳೇ ಕೈಹಾಕಿ ಮಾಡುವ ಭಾಗ ಇದು. ರಟ್ಟಿನ ಮೇಲೆ ಒಂಬತ್ತು ಸ್ಕ್ರೂ ಸಾಲಾಗಿ ನೆಟ್ಟು, ಹಿಂಬದಿಯಲ್ಲಿ ಎಂಟು ತುಂಡು ತಂತಿಗಳಿಂದ ಒಂದಕ್ಕೊಂದು ಜೋಡಿಸಿ. ಒಂದು ತುಂಡನ್ನು ಕತ್ತರಿಸಿ ಕಾಗದ ಮುಚ್ಚಿ. ಎರಡು ಟಾರ್ಚ್ ಸೆಲ್, ಒಂದು ಟಾರ್ಚ್ ಬಲ್ಬ್, ಎರಡು ಉದ್ದ ವೈರ್ ಇವೇ ಮೀಟರ್. ಕಡಿದ ತುಂಡು ಯಾವುದು, ಎಷ್ಟು ಪರೀಕ್ಷೆಯಲ್ಲಿ ಹೇಳುತ್ತೀರಿ?

ಮೊದಲ ಗುಂಪು ಸಾಮಾನ್ಯವಾಗಿ ಒಂದನೆಯದರಿಂದ ಆರಂಭಿಸಿ ಒಂದೊಂದೇ ನೋಡುತ್ತಾ ಹೋಗುತ್ತದೆ. ಅದೃಷ್ಟ ಕೆಟ್ಟರೆ 7 ಪರೀಕ್ಷೆ. ಯಾರಾದರೂ ನಡುವಿನ ಸ್ಕ್ರೂ ಹಿಡಿದು ಮೊದಲ ನಾಲ್ಕು ತುಂಡನ್ನು ಒಟ್ಟಿಗೆ ನೋಡುವವರೆಗೆ ಕಾಯಿರಿ. ಹಾಗೆ ಅರ್ಧರ್ಧ ಮಾಡುತ್ತಾ ಹೋದರೆ 3 ಪರೀಕ್ಷೆ ಸಾಕು. ಇದನ್ನು ಪ್ರಶಿಕ್ಷಣಾರ್ಥಿ ತಾವಾಗಿ ಹೇಳಿಕೊಟ್ಟರೆ ಚಟುವಟಿಕೆಗೆ ಅರ್ಥವಿಲ್ಲ. ಆಮೇಲೆ ಎರಡು ಕಡೆ ಕತ್ತರಿಸಿದ ಹಲಗೆ ಕೊಡಿ. ಒಂದು ಕಡೆ ಸರಿಮಾಡಿದರೂ ಬಲ್ಬ್ ಉರಿಯದಿದ್ದಾಗ ಗುಂಪು ಏನು ಮಾಡುತ್ತದೆ ಎಂಬುದನ್ನು ಅವಲೋಕನದಲ್ಲಿ ಬರೆದುಕೊಳ್ಳಿ.

ಫ್ಯೂಸ್ ಹೋದದ್ದೇಕೆ?

ಎರಡನೆಯ ಅವಧಿಯ ಕೊನೆಯಲ್ಲಿ ಒಂದು ದೂರದ ಯಂತ್ರವನ್ನು ತರಬಹುದು. ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ನಿಜವಾಗಿಯೂ ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸುವ ಡ್ರೈಯರ್ ಇರುತ್ತದೆ. ಅದರ ಹೆಸರಾಂತ ದೂರು: ಡಬ್ಬ ತಿರುಗುತ್ತದೆ, ಬಟ್ಟೆ ಒದ್ದೆಯಾಗಿಯೇ ಇರುತ್ತದೆ. ಅಲ್ಲಿಯ ಮನೆಗೆ 120 ವೋಲ್ಟ್‌ನ ಎರಡು ಸಜೀವ ತಂತಿ ಬರುತ್ತವೆ. ಮೋಟಾರಿಗೆ ಸಾಮಾನ್ಯವಾಗಿ ಒಂದು ಸಾಕು. ಸುಮಾರು 5 ಕಿಲೋವ್ಯಾಟ್‌ನ ಕಾಯಿಲ್‌ಗೆ ಎರಡರ ನಡುವಿನ 240 ವೋಲ್ಟ್ ಬೇಕು. ಒಂದು ತಂತಿಯ ಸಂಪರ್ಕ ತಪ್ಪಿದರೆ ಮೋಟಾರ್ ತಿರುಗುತ್ತದೆ, ಕಾಯಿಲ್ ತಣ್ಣಗಿರುತ್ತದೆ. ಇದು ನಮ್ಮ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ಮನೆಯಲ್ಲಿ ಲೈಟ್ ಉರಿಯುತ್ತಿದ್ದರೂ 'ತ್ರೀ ಫೇಸ್ ಬಂದಿಲ್ಲ' ಎಂದು ತೋಟದ ಪಂಪ್‌ಸೆಟ್ ನಿಂತಿರುವುದನ್ನು ಅವರು ದಿನವೂ ನೋಡುತ್ತಾರೆ.

ಇನ್ನೊಂದು ಕಾರಣ ಉಷ್ಣ ಫ್ಯೂಸ್. ಮಿತಿಮೀರಿ ಕಾದರೆ ಒಮ್ಮೆ ಕಡಿದು ಹೋಗುತ್ತದೆ, ಮತ್ತೆ ಕೂಡಿಕೊಳ್ಳುವುದಿಲ್ಲ. ಹೊಸದನ್ನು ಹಾಕಿದರೆ ಯಂತ್ರ ಬಿಸಿಯಾಗುತ್ತದೆ, ಕೆಲವೇ ದಿನದಲ್ಲಿ ಅದೂ ಕಡಿಯುತ್ತದೆ. ಏಕೆಂದರೆ ಬಟ್ಟೆಯ ನಾರಿನ ಧೂಳು ಕಟ್ಟಿ, ಬಿಸಿಗಾಳಿ ಹೊರಹೋಗುವ ಕೊಳವೆ ಮುಚ್ಚಿರುತ್ತದೆ. ಶಾಖ ಹೋಗಲು ದಾರಿಯಿಲ್ಲದೆ ಒಳಗೇ ಏರುತ್ತದೆ. ಹುಣಸೂರು, ಪಿರಿಯಾಪಟ್ಟಣದ ಮಕ್ಕಳಿಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೊತ್ತು. ಹೊರಗೆ ಒಲೆ, ಒಳಗೆ ಬಿಸಿ ಹೊಗೆ ಸಾಗುವ ಕೊಳವೆ, ಕೆಳಗೂ ಮೇಲೂ ಗಾಳಿಕಿಂಡಿ. ಎಲೆ ಹಳದಿಯಾಗುವಾಗ ಕಿಂಡಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಒಣಗಿಸುವ ಹಂತದಲ್ಲಿ ತೆರೆಯುತ್ತಾರೆ. ಕೊನೆಗೆ ದಂಟು ಒಣಗುವಾಗ ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸುತ್ತಾರೆ. ನಡುವಿನ ಹಂತದಲ್ಲಿ ಕಿಂಡಿ ತೆರೆಯದೆ ಸೌದೆ ಮಾತ್ರ ಹೆಚ್ಚಿಸಿದರೆ ಎಲೆಯ ನೀರು ಹೊರಹೋಗದೆ ಎಲೆ ಕಂದುಗಟ್ಟಿ ಕೆಡುತ್ತದೆ. ಒಣಗಲು ಶಾಖವೂ ಬೇಕು, ಹಬೆ ಹೊತ್ತೊಯ್ಯುವ ಗಾಳಿಯೂ ಬೇಕು ಎಂಬುದನ್ನು ಈ ಭಾಗದಲ್ಲಿ ಹೇಳಿಕೊಡಬೇಕಾಗಿಲ್ಲ, ನೆನಪಿಸಿದರೆ ಸಾಕು.

ಇಸ್ತ್ರಿ ಪೆಟ್ಟಿಗೆಯಲ್ಲಿ ಇದೇ ಪ್ರಶ್ನೆ ಥರ್ಮೋಸ್ಟಾಟ್ ಕಡೆಗೆ ತಿರುಗುತ್ತದೆ. ಅದರ ಸಂಪರ್ಕ ಬೆಸೆದುಕೊಂಡು ಬಿಡಲಾರದಂತಾದರೆ ಕಾಯಿಲ್ ಕಾಯುತ್ತಲೇ ಹೋಗಿ ಉಷ್ಣ ಫ್ಯೂಸ್ ಕಡಿಯುತ್ತದೆ. ಅಂಥ ಪೆಟ್ಟಿಗೆಯ ಫ್ಯೂಸನ್ನು ತೆಗೆದು ಬರೀ ತಂತಿ ಜೋಡಿಸಿಕೊಟ್ಟರೆ ಪೆಟ್ಟಿಗೆ 'ಸರಿಹೋಗುತ್ತದೆ'. ಮುಂದಿನ ಸಲ ಕಾಯುವುದನ್ನು ನಿಲ್ಲಿಸಲು ಏನೂ ಉಳಿದಿರುವುದಿಲ್ಲ. 'ಹೋದ ವಾರ ಫ್ಯೂಸ್ ತೆಗೆದು ಡೈರೆಕ್ಟ್ ಮಾಡಿಸಿದೆವು, ಈಗ ಚೆನ್ನಾಗಿ ಕಾಯುತ್ತದೆ' ಎಂಬ ವಾಕ್ಯವನ್ನು ಹಲಗೆಯ ಮೇಲೆ ಬರೆದು, ಇದರಲ್ಲಿ ಏನು ತಪ್ಪಿದೆ ಎಂದು ಬರೆಯಲು ಕೊಡುವುದೇ ಮೌಲ್ಯಮಾಪನದ ಮೊದಲ ಪ್ರಶ್ನೆಯಾಗಲಿ. ಎರಡನೆಯದು: ದೀಪ ಉರಿಯುತ್ತಿಲ್ಲ, ತಳ ತಣ್ಣಗಿದೆ, ಅದೇ ಸಾಕೆಟ್ಟಿನಲ್ಲಿ ಮೊಬೈಲ್ ಚಾರ್ಜರ್ ಕೆಲಸ ಮಾಡುತ್ತಿದೆ, ಸಾಕೆಟ್ ಸರಿಯಿದೆ ಎನ್ನಬಹುದೇ? ಚಾರ್ಜರ್‌ಗೆ ಬೇಕಾದ ಪ್ರವಾಹ ಬಹಳ ಸಣ್ಣದು, ಪೆಟ್ಟಿಗೆಗೆ 4 ಆಂಪಿಯರ್‌ಗೂ ಹೆಚ್ಚು; ಸುಟ್ಟು ಸಡಿಲವಾದ ಸಂಪರ್ಕ ಮೊದಲನೆಯದಕ್ಕೆ ಸಾಕಾಗಿ ಎರಡನೆಯದಕ್ಕೆ ಸಾಲದಿರಬಹುದು ಎಂದು ಬರೆದವರಿಗೆ ಪೂರ್ಣ ಅಂಕ.

ಮನೆಗೆಲಸದಲ್ಲಿ ಬಿಚ್ಚುವ ಕೆಲಸ ಯಾವುದೂ ಇರಬಾರದು. ಪ್ಲಗ್ ಕಿತ್ತಿಟ್ಟ ಪೆಟ್ಟಿಗೆಯ ಪಟ್ಟಿ ಓದಿ ರೋಧ ಲೆಕ್ಕ ಹಾಕಿ ಬರಲಿ; ಪ್ಲಗ್ಗಿನಲ್ಲಿ ಮೂರು ಪಿನ್ ಇವೆಯೇ, ಯಾವುದಾದರೂ ಕಪ್ಪಾಗಿದೆಯೇ, ವೈರಿನ ಬುಡದಲ್ಲಿ ಹೊದಿಕೆ ಹರಿದಿದೆಯೇ ಎಂದು ಮೂರು ಸಾಲು ಬರೆದು ತರಲಿ. ಮುಂದಿನ ಘಟಕದಲ್ಲಿ ಗೃಹಬಳಕೆಯ ಮಂಡಲ ಮತ್ತು ಭೂಸಂಪರ್ಕ ತಂತಿಯ ಪಾಠ ಬಂದಾಗ ಆ ಹಾಳೆಗಳನ್ನೇ ಪೀಠಿಕೆಯಾಗಿ ಬಳಸಬಹುದು.